ಒಂದೂವರೆ ಅಂಗುಲ

ಲಾರುಸ್‌ನ ಗೋಡೆಗೆ ಒರಗಿ ನಿಂತ ಹನ್ನೊಂದು ಕೋವಿಗಳಲ್ಲಿ
ಎಲ್ಲಕ್ಕಿಂತ ಹಗುರಾದದ್ದನ್ನೇ ಎತ್ತಿಕೊಂಡಳು ಸೋಲ್ರೂನ್:
'ಮಾವ, ಇದು ನೋಡು, ಗಾಳದ ಕೋಲಿನಷ್ಟೇ ತೂಕ!'
ಹನ್ನೆರಡು ತುಂಬಿ ಒಂಬತ್ತು ದಿನ.
ತೋಳು ಇನ್ನೂ ಹುರಿಹಗ್ಗ.

ಮುದುಕ ಕನ್ನಡಕ ಹಣೆಗೇರಿಸಿದ.
'ಹಗುರಾದದ್ದೆಲ್ಲ ಸಾಧು ಅಂದುಕೋಬೇಡ, ಮಗಳೇ.
ಬಡಕಲು ಕತ್ತೆಯೇ ಜೋರಾಗಿ ಒದೆಯೋದು.
ಕೋವಿಗೆ ಮೈಯಿದ್ದರೆ ಪೆಟ್ಟಿನಲ್ಲಿ ತನ್ನ ಪಾಲು ಅದೂ ತಿನ್ನುತ್ತೆ,
ಇಲ್ಲದಿದ್ದರೆ ಇಡೀ ಊಟ ನಿನಗೇ.'

ನನ್ನ ಹೆಗಲಿಗೆ ಈ ಮಾತು ಗೊತ್ತು.
ಒಂಬತ್ತು ವರ್ಷದವನಿಗೆ, ವಿನಿಪೆಗ್ ಸರೋವರದ ಜೊಂಡಿನಂಚಿನಲ್ಲಿ
ಅಜ್ಜ ಕೈಗಿಟ್ಟದ್ದು ಹನ್ನೆರಡರ ಒಂಟಿ ನಳಿಗೆ.
ಬಾತು ಹಾರಿಹೋಯಿತು. ನಾನು ಕೆಸರಲ್ಲಿ ಕೂತೆ.
ದೋಣಿಯಲ್ಲಿದ್ದವರೆಲ್ಲ ನಕ್ಕರು, ಅಜ್ಜನೂ.
ಹತ್ತು ದಿನ ಭುಜದ ಮೇಲೆ ನೇರಳೆ ಹಣ್ಣಿನ ಬಣ್ಣ.
ಬಣ್ಣವೇನೋ ಹೋಯಿತು. ಇವತ್ತಿಗೂ
ಕುದುರೆ ಎಳೆಯುವ ಅರೆಗಳಿಗೆ ಮುಂಚೆ
ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ.
ಯಾರಿಗೂ ಹೇಳಿಲ್ಲ.
ನಲವತ್ತು ಶರತ್ಕಾಲ ಗಾಳಿಯನ್ನು ಬಯ್ದಿದ್ದೇನೆ.

'ನಾನೂರ ಹತ್ತು ಆಗದೇ?' ಕೇಳಿದೆ.
'ಒದೆಯೋದಿಲ್ಲ, ನಿಜ. ಆದರೆ ಚಿಟಿಕೆಯಷ್ಟು ಚರೆ.
ಪಳಗಿದ ಕೈಗೆ ಆಟ, ಹೊಸ ಕೈಗೆ ಬರೀ ತಪ್ಪು.
ತಪ್ಪಿನ ಮೇಲೆ ತಪ್ಪಾದರೆ ಮಗು
ಕೋವಿಯನ್ನಲ್ಲ, ತನ್ನನ್ನೇ ಕೆಳಗಿಟ್ಟುಬಿಡುತ್ತೆ.'

ಕೊನೆಗೆ ಒಳಗಿನ ಕಪಾಟಿನಿಂದ ಬಂದದ್ದು ಇಪ್ಪತ್ತರದು,
ಹಳೆಯದು, ತಾನೇ ತೋಟಾ ತುಂಬಿಕೊಳ್ಳುವಂಥದ್ದು.
ಸಿಡಿದ ಹೊಗೆಯಲ್ಲಿ ಒಂದು ತುತ್ತು ಕದ್ದು
ತನ್ನ ಚಾಕರಿಗೇ ಹಚ್ಚಿಕೊಳ್ಳುತ್ತದಂತೆ;
ಗುದ್ದು ಹೋಗಿ ಬರೀ ನೂಕು ಉಳಿಯುತ್ತದಂತೆ.
ಜೊತೆಗೆ ಅರೆಹೊಟ್ಟೆಯ ತೋಟಾ ಎರಡು ಪೆಟ್ಟಿಗೆ.
ಹೆಗಲಿಗಿಟ್ಟಳು. ಕತ್ತು ಕೊಕ್ಕರೆಯಂತೆ ಚಾಚಿತು.
ಹಿಂಬದಿಯ ಮರ ಉದ್ದ.

ಲಾರುಸ್ ಮಾತಾಡಲಿಲ್ಲ. ಅವಳ ಮೊಣಕೈ ಮಡಿಸಿ ಅಳೆದ,
ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಗೆರೆ ಎಳೆದ,
ಗರಗಸ ಹಾಕಿದ. ಅಕ್ರೋಟು ಮರದ ಪುಡಿ
ನನ್ನ ಕಾಫಿಯ ಮೇಲೆಲ್ಲ.
ಬಿದ್ದ ತುಂಡಿನ ಮೇಲೆ ಅವಳ ಹೆಸರು, ತಾರೀಖು ಬರೆದು
ನನ್ನ ಕೈಗಿಟ್ಟ:
'ಕಳಕೋಬೇಡ. ಬೆಳೀತಾಳೆ. ಮತ್ತೆ ಅಂಟಿಸಬೇಕು.'

ಭಾನುವಾರ, ಗಿಮ್ಲಿಯಾಚೆಯ ಜಲ್ಲಿ ಹೊಂಡ.
ಕಿವಿಗೆ ಮುಚ್ಚಳ, ಕಣ್ಣಿಗೆ ಹಳದಿ ಗಾಜು.
ಕಿತ್ತಳೆ ಬಣ್ಣದ ಮಣ್ಣಿನ ತಟ್ಟೆಗಳು ಮೊದಲ ಆರೂ
ಚೂರೂ ಮುಕ್ಕಾಗದೆ ಹುಲ್ಲಿಗಿಳಿದವು.
'ಎಳೆ!' ಎಂದಳು ಮತ್ತೆ, ನನಗಿಂತ ದೊಡ್ಡ ದನಿಯಲ್ಲಿ.
ನಾನು ಆಕಾಶ ನೋಡುತ್ತಿರಲಿಲ್ಲ.
ಜೇಬಿನೊಳಗೆ ಮರದ ತುಂಡು ಹಿಸುಕುತ್ತಾ
ಹಳದಿ ಗಾಜಿನ ಹಿಂದೆ ಅವಳ ಕಣ್ಣು ನೋಡುತ್ತಿದ್ದೆ.
ತೆರೆದಿದ್ದವು. ಸದ್ದಾದಾಗಲೂ
ತೆರೆದೇ ಇದ್ದವು.

ಏಳನೆಯ ತಟ್ಟೆ ಪುಡಿಯಾಯಿತೆಂದು
ಅವಳೇ ತಿರುಗಿ ಹೇಳಬೇಕಾಯಿತು.