ಸ್ಥಳ ತನಿಖೆ

ಟೈಪಾಗಿಯೇ ಬಂದಿತ್ತು ವರದಿ, ನನ್ನ ಸಹಿಯೊಂದೇ ಬಾಕಿ:
"ಸದರಿ ಜಮೀನಿನಲ್ಲಿ ಯಾವುದೇ ಕಾಲುವೆ
ಕಂಡುಬಂದಿರುವುದಿಲ್ಲ."

ಮಾಲೂರಿನಿಂದ ಜೀಪಿನಲ್ಲಿ ಒಂಬತ್ತು ಮೈಲಿ.
ಸುಣ್ಣ ಬಳಿದ ಕಲ್ಲುಗಳು, ಮೂವತ್ತು ನಲವತ್ತರ ಚೌಕಗಳು,
ಹೊಂಗೆ ಕಡಿದಲ್ಲಿ ಕಮಾನು, ಅದರ ಮೇಲೆ ಜೋಡಿ ಹಂಸ.
ಹಳೇ ಗ್ರಾಮನಕಾಶೆಯಲ್ಲಿ ಮಾತ್ರ
ಮೇಲಿನ ಕೆರೆಯ ಕೋಡಿಯಿಂದ ಕೆಳಗಿನ ಕೆರೆಗೆ
ಒಂದು ಜೋಡಿಗೆರೆ, ಹೀರೆಬಳ್ಳಿ ಹಬ್ಬಿದ ಹಾಗೆ.

ಸರಪಳಿ ಹಿಡಿದೆವು. ಏನೂ ಇಲ್ಲ. ಕೆಮ್ಮಣ್ಣು,
ರೋಲರ್ ಉರುಳಿದ ಸಪಾಟು.
ಮಾಲೀಕರ ಕಡೆಯ ಹುಡುಗ ಛತ್ರಿ ಹಿಡಿದ: "ಬಿಸಿಲು, ಮೇಡಂ."
ನೀರಗಂಟಿ ಪಿಳ್ಳಮುನಿಯಪ್ಪ ದೂರದಲ್ಲೇ ನಿಂತಿದ್ದ,
ಕರೆದರೂ ಬರಲಿಲ್ಲ; ಅವನಿಗೀಗ
ಇಲ್ಲೇ ವಾಚ್‌ಮನ್ ಕೆಲಸ.

ಎಳನೀರು ತಂದರು. ಅರ್ಧ ಕುಡಿದು
ಉಳಿದದ್ದನ್ನು ಸುಮ್ಮನೆ ಕಾಲ ಬಳಿ ಚೆಲ್ಲಿದೆ.
ಅದು ಒಂದು ಗಳಿಗೆ ಯೋಚಿಸಿತು. ಆಮೇಲೆ ಹೊರಟಿತು,
ಧೂಳು ಹೊದ್ದು, ಹುಳದಂತೆ,
ನಲವತ್ತೇಳನೇ ಸೈಟಿನ ನಡುವಿಗೆ.

ಪಿಳ್ಳಮುನಿಯಪ್ಪ ಆಗ ಹತ್ತಿರ ಬಂದ,
ಬೀಡಿ ಕಿವಿಗೆ ಸಿಕ್ಕಿಸಿ, ಬೇರೆಲ್ಲೋ ನೋಡುತ್ತ:
"ಅದಕ್ಕೆ ದಾರಿ ಗೊತ್ತೈತೆ ಬುಡಮ್ಮ. ನಂಗೂ ಗೊತ್ತೈತೆ.
ಸಂಬಳ ಶನಿವಾರ ಕೊಡ್ತಾರೆ."

ನಲವತ್ತೇಳು ನಮ್ಮ ಭಾವನದು.
ಪೂರ್ವದ ಬಾಗಿಲು, ಮುಂಗಡ ಕೊಟ್ಟಾಗಿದೆ,
ಅಕ್ಕ ಆಗಲೇ ಕರಿಬೇವಿನ ಸಸಿಯೊಂದನ್ನು
ಬಕೆಟ್ಟಿನಲ್ಲಿ ಸಾಕುತ್ತಿದ್ದಾಳೆ.

ವಾಪಸು ಜೀಪಿನಲ್ಲಿ, ತೊಡೆಯ ಮೇಲೆ ಕಡತ,
ಗುಂಡಿಗೊಂದು ಕುಲುಕು.
ಕೊನೆಯ 'ವುದಿಲ್ಲ' ಹೊಡೆದುಹಾಕಿ
'ತ್ತದೆ' ಎಂದು ಬರೆದೆ: ಕಂಡುಬಂದಿರುತ್ತದೆ.
ಅಕ್ಷರ ಓಲಾಡಿವೆ. ಮೇಲಿನ 'ಯಾವುದೇ' ಹಾಗೇ ಉಳಿದು
ವಾಕ್ಯ ಎಡವುತ್ತದೆ.

ಅಕ್ಕನಿಗೆ ಇನ್ನೂ ಫೋನು ಮಾಡಿಲ್ಲ.