ನೀರು ಹೊಡಿಯಾಂವ

ಹನ್ನೊಂದು ಮ್ಯಾಚು ಸೋತೀವಿ, ಖರೆ.
ಶಹಾಬಾದದ ಚಹಾದಂಗಡಿಯಾಗ
ಈಗ ಸಕ್ಕರಿ ಹಾಕದಿದ್ರೂ ನಡೀತದ,
ನಮ್ಮ ಟೀಮಿನ ಸುದ್ದಿ ಸಾಕು.
"ಕೋಚ್‌ನ ತೆಗೀರಿ" ಅಂತಾನ ಪಂಕ್ಚರ್ ಹಾಕಾಂವ.
"ಗೋಲಿನ್ಯಾಗ ಒಂದು ಫರಸಿ ನಿಂದ್ರಸ್ರಿ,
ಆ ಹುಡುಗನಕಿಂತ ಛಲೋ ತಡೀತದ"
ಅಂತಾನ ಕಲ್ಲಿನ ಖಣಿಯ ಭೀಮಶಾ.
ನಗ್ತಾರ ಎಲ್ಲಾರೂ.
ನಾನೂ ನಕ್ಕೀನಿ, ಸುಳ್ಳ್ಯಾಕ ಹೇಳ್ಲಿ.

ನಾನು ಆಟಗಾರ ಅಲ್ರಿ.
ಮ್ಯಾಚಿಗಿಂತ ಮುಂಚೆ ಹಸಿರು ಟರ್ಫಿನ ಮ್ಯಾಲ
ಪೈಪು ಹಿಡಕೊಂಡು ನೀರು ಹೊಡಿಯಾಂವ.
ಅದಕ್ಕೂ ಮುಂಚೆ ಇಪ್ಪತ್ತು ವರ್ಷ
ಛತ್ತಿಗೆ ನೀರು ಹೊಡದೀನಿ,
ಮಂದಿ ಮನೀದು, ಬ್ಯಾಂಕಿಂದು, ಸಾಲೀದು.
ಕೆಲಸ ಬದಲಾದ್ರೂ ರೂಢಿ ಅದೇ:
ಬಿಸಲಿಗಿಂತ ಮೊದಲು ಏಳೋದು,
ಒಣಗಾಕ ಬಿಡದಿರೋದು.

ಕಾಂಕ್ರೀಟು ಭಾಳ ಠಕ್ಕ ಅದ.
ಹಾಕಿದ ಮರುದಿನಾನೇ ಗಟ್ಟಿ ಆದಂಗ ಕಾಣ್ತದ,
ಕಾಲಿಟ್ರ ಕುಸಿಯಂಗಿಲ್ಲ.
ಮಾಲೀಕ ಬಂದು ಬೂಟಿನ ಹಿಮ್ಮಡಿಲಿ ಗುದ್ದಿ
"ಆತಲ್ಲ, ಇನ್ನ ಬಲ್ಲಿ ತೆಗೀರಿ" ಅಂತಾನ.
ಒಳಗ ಅದಿನ್ನೂ ಕೂಸು.
ಒಳಗ ಅದಿನ್ನೂ ನೀರು ಕುಡೀತಿರ್ತದ.

ಕಾಗಿಣಾ ಹೊಳಿ ದಂಡಿಯ ಒಂದು ಸಾಲಿಗೆ
ಛತ್ತು ಹಾಕೋಕ್ಕಿಂತ ಮೊದಲೇ
ಉದ್ಘಾಟನೆ ತಾರೀಖು ಹಾಕಿದ್ರು.
ಒಂಬತ್ತನೇ ದಿನ ಬಲ್ಲಿ ತೆಗದ್ರು.
ಬೀಳಲಿಲ್ಲ.
ಒಂದು ಬೆರಳು ಜೋತು ಬಿತ್ತು, ಅಷ್ಟೇ.
ಈಗಲೂ ಮಳಿ ಬಂದ್ರ ಮೂರನೇ ಇಯತ್ತಿ ಹುಡುಗ್ರು
ಆ ಗೆರಿ ಕೆಳಗ ಬಕೀಟ ಇಟ್ಟು ಮಗ್ಗಿ ಹೇಳ್ತಾರ.
ಪೈಪು ನನ್ನ ಕೈಯಾಗೇ ಇತ್ತು ಆ ದಿನ.
ಬ್ಯಾಡ ಅನ್ನಲಿಲ್ಲ ನಾನು.

ಅದಕ್ಕ ಈಗ ಅಂತೀನಿ.

ಹೋದ ವರ್ಷ ಪ್ರಭುದಾಸ ಸರ್
ಹಳೆ ಹುಲಿಗೋಳು ಏಳು ಮಂದಿನ್ನ ಕಳಿಸಿಬಿಟ್ರು,
ಹೆಸರಿದ್ದಾವ್ರು, ಮಂದಿ ಕೂಡ ಫೋಟೋ ತಗಸ್ಕೊಂಡಾವ್ರು.
ಬಂದಾವ್ರು ಯಾರು?
ಚಿತ್ತಾಪುರದ ಅಣವೀರ, ವಾಡಿ ಕ್ವಾರ್ಟರ್ಸಿನ ಇಬ್ಬರು,
ಆಳಂದದ ಲಾಡ್ಲೇಸಾಬ್, ಗೋಲಿನ್ಯಾಗ ನಿಂದ್ರಾಂವ,
ಹದಿನೇಳು ತುಂಬಿಲ್ಲ ಇನ್ನೂ.
ಹೈದರಾಬಾದಿನವರು ಆರು ಗೋಲು ಹೊಡದ ರಾತ್ರಿ
ನನ್ನ ನೀರಿನ ಟಾಕಿ ಹಿಂದ ಕುಂತು ಅತ್ತ,
ಪ್ಯಾಡು ಬಿಚ್ಚಿರಲಿಲ್ಲ.
ನೋಡದಾಂವನಂಗ ನಳ ಪೂರಾ ತಿರುವಿದೆ,
ಆ ಸಪ್ಪಳದಾಗ ಅಳು ಕೇಳಬಾರದಂತ.
ಮುಂಜಾನೆ ಐದಕ್ಕ ಗೇಟಿಗೆ ಬಂದ್ರ
ನನಗಿಂತ ಮುಂಚೆ ಅವ ನಿಂತಿದ್ದ.

ನೀರು ಹೊಡದ್ರ ಎಲ್ಲಾ ಗಟ್ಟಿ ಆಗ್ತದ ಅಂತಲ್ಲ.
ಉಸುಕಿನ್ಯಾಗ ಮಣ್ಣಿದ್ರ
ಇಪ್ಪತ್ತೊಂದಲ್ಲ, ಇನ್ನೂರು ದಿನ ಹೊಡೀರಿ,
ಉಗುರಿಗೆ ಕಿತ್ತು ಬರ್ತದ.
ಮುಷ್ಟ್ಯಾಗ ಹಿಡದು ನೋಡಬೇಕು ಉಸುಕು.
ನಾ ನೋಡೀನಿ.
ಕಂಪನಿ ಸಾಹೇಬ್ರು ನೋಡೋದು ಬರೀ ಪಟ್ಟಿ,
ಕೊಟ್ಟಿದ್ದು ಎಷ್ಟು, ಸೋತಿದ್ದು ಎಷ್ಟು.

ನಿನ್ನೆ ಹನ್ನೆರಡನೇದು. ಅದೂ ಸೋತ್ವಿ.
ಆದ್ರ ಕಡೀ ನಾಕು ನಿಮಿಷ ಇದ್ದಾಗ
ಒಂದು ಪೆನಾಲ್ಟಿ ಕಾರ್ನರ್.
ತಳ್ಳಿದ ಚೆಂಡು ಬಂತು, ಅಣವೀರ ಕೋಲು ಮಲಗಿಸಿದ.
ಎಂಟು ತಿಂಗಳಿಂದ ಅವನ ಕೋಲಿಗೆ ಬಡದು
ಜಿಗೀತಿದ್ದ ಚೆಂಡು
ನಿಂತಿತು.
ಪಾಟಿ ಮ್ಯಾಲ ಚುಕ್ಕಿ ಇಟ್ಟಂಗ.

ಆಮ್ಯಾಲ ಹೊಡೆತ ಕಂಬಕ್ಕ ಬಡೀತು.
ಮಂದಿ "ಥೂ" ಅಂದು ಎದ್ದರು, ಬಸ್ಸು ಹಿಡಿಯಾಕ.
ನಾನೊಬ್ಬನೇ ಚಪ್ಪಾಳಿ ಹೊಡದೆ.
ತೊಯ್ದ ಕೈ, ನೆಟ್ಟಗ ಸಪ್ಪಳಾನೂ ಆಗಲಿಲ್ಲ.
ಪ್ರಭುದಾಸ ಸರ್ ತಿರುಗಿ ನನ್ನ ಕಡಿ ನೋಡಿ
ಒಂದು ಬೆರಳು ಎತ್ತಿದ್ರು.
ಒಂದು ಅಂದ್ರೇನು, ನಾ ಕೇಳಿಲ್ಲ.

ನಾಳಿ ನಲವತ್ನಾಕು ಡಿಗ್ರಿ ಅಂತ
ರೇಡಿಯೋದಾಗ ಹೇಳ್ಯಾರ.
ನಾಕೂವರಿಗೇ ನಳ ಬಿಡ್ತೀನಿ.