ಹತ್ತಕ್ಕೆ ಹತ್ತು

ಹತ್ತಕ್ಕೆ ಹತ್ತು ಹೊಂದಿಕೆ, ಅಂದರು ಪೊಜ್ನಾನಿನ ಲ್ಯಾಬಿನವರು.
ಅಮ್ಮನ ಹೊಲಿಗೆ ಯಂತ್ರಕ್ಕಾಗಿ ಆರು ವರ್ಷದಿಂದ ಮಾತು ಬಿಟ್ಟಿದ್ದ ಬೋಗ್ನಾ
ತೋಳು ಚಾಚಿ ಮಲಗಿದಳು, ನನ್ನತ್ತ ನೋಡದೆ.
ಆ ಸಂಜೆ ಚೀಲದಿಂದ ಹನಿಹನಿಯಾಗಿ ಇಳಿದಳು ಅಕ್ಕ,
ಟೊಮೇಟೊ ಸೂಪಿನ ಬಣ್ಣ.

ಇಪ್ಪತ್ತೆರಡನೆಯ ದಿನ ಅಂಗೈ ಕೆಂಪೇರಿ
ಬೇಯಿಸಿದ ಬೀಟ್‌ರೂಟಿನಂತೆ ಸುಲಿಯಿತು.
ಆಮೇಲೆ ಕರುಳು.
ಬಂದವಳು ಒಂದೊಂದೇ ಬಾಗಿಲು ಬಡಿದು ಕೇಳುತ್ತಾಳೆ:
ಇದು ಯಾರ ಮನೆ?

‘ತುಸು ಜಗಳವಿರಲಿ,’ ಅಂದರು ಡಾಕ್ಟರ್ ಗ್ಜೆಲಾಕ್,
ಸ್ಟೆರಾಯ್ಡ್ ಬರೆಯುತ್ತ.
‘ಮೂಲೆಯಲ್ಲಿ ಅಡಗಿದ ಕ್ಯಾನ್ಸರನ್ನು ಹುಡುಕಿ ಹೊಡೆಯುವುದೂ
ಅದೇ ಸಿಟ್ಟು.’

ಈಗ ನನ್ನ ರಕ್ತದ ಗುಂಪೂ ಅವಳದೇ.
ಮುಲಾಮು ಹಚ್ಚಿದ ಕೈಯಿಂದ ಫೋನು ಜಾರುತ್ತದೆ.
ಯಂತ್ರ ಕೊಡುವುದಿಲ್ಲ, ಬೋಗ್ನಾ.
ಬೈಯಲಿಕ್ಕಾದರೂ ಬಾ.